ಹನ್ನೊಂದು ವರ್ಷ ಬ್ಯಾಂಕಾಕಿನಲ್ಲಿದ್ದೂ ಒಂದು ಮನೆ ತಗೊಂಡಿಲ್ವಾ?

"ಎಷ್ಟ್ ವರ್ಷ ಆಯ್ತೇ ನೀನು ಅಲ್ಲಿಗ್ ಹೋಗಿ?"

ತಿಪಟೂರಿನ ನನ್ನ ಸೋದರಮಾವ ಫೋನ್ ಮಾಡಿದಾಗಲೆಲ್ಲ ಮಾತು ಶುರುವಾಗುವುದು ಹೀಗೆ. ಹನ್ನೊಂದು ಮಾವ, ಅನ್ನುತ್ತೇನೆ. "ಹನ್ನೊಂದ್ ವರ್ಷದಿಂದ ಬಾಡಿಗೆ ಕಟ್ತಿದೀರಾ? ಆ ದುಡ್ಡಲ್ಲಿ ಒಂದ್ ಮನೆನೇ ಆಗ್ತಿತ್ತಲ್ಲೇ!" ತೆಂಗಿನ ತೋಟದ ಮಧ್ಯೆ ಹುಟ್ಟಿ ಅಲ್ಲೇ ಬೆಳೆದವರಿಗೆ ಬಾಡಿಗೆ ಎನ್ನುವುದು ತಿಂಗಳಿಗೊಮ್ಮೆ ಬರುವ ಅವಮಾನ. ಅವರೊಬ್ಬರೇ ಅಲ್ಲ. ಫುಕೆಟ್‌ಗೆ ನಾಲ್ಕು ದಿನ ಬಂದು ಸಮುದ್ರದ ಎದುರಿನ ವಿಲ್ಲಾದ ಬ್ರೋಷರ್ ಹಿಡಿದುಕೊಂಡು ಹೋದ ಗೆಳತಿಯರು, ರಿಟೈರ್ ಆದಮೇಲೆ ಕಡಲತೀರದ ಹುವಾ ಹಿನ್‌ನಲ್ಲಿ ನೆಲೆಸುವ ಕನಸು ಕಾಣುವ ನಮ್ಮ ಮನೆಯವರ ಹಳೇ ಸಹೋದ್ಯೋಗಿಗಳು, ಎಲ್ಲರದೂ ಇದೇ ಪ್ರಶ್ನೆ. ವಾಟ್ಸಾಪಿನಲ್ಲಿ ಬಿಡಿಬಿಡಿಯಾಗಿ ಉತ್ತರಿಸಿ ಸಾಕಾಗಿದೆ. ಒಮ್ಮೆ ಪೂರ್ತಿ ಬರೆದಿಡುತ್ತೇನೆ.

ಮೊದಲಿಗೆ ನೆಲದ ವಿಷಯ. ಥಾಯ್ಲೆಂಡಿನಲ್ಲಿ ವಿದೇಶಿಯರು ಭೂಮಿ ಕೊಳ್ಳುವಂತಿಲ್ಲ. 1954ರ ಭೂ ಸಂಹಿತೆಯಲ್ಲಿ "ಒಪ್ಪಂದವಿರುವ ದೇಶದವರು ಕೊಳ್ಳಬಹುದು" ಎಂಬ ಕಲಮು ಇನ್ನೂ ಇದೆ. ಆದರೆ ಈಗ ಅಂಥ ಒಪ್ಪಂದ ಯಾವ ದೇಶದ ಜೊತೆಗೂ ಜಾರಿಯಲ್ಲಿಲ್ಲ. ಒಂದು ಸಣ್ಣ ಕಿಂಡಿ ಉಂಟು: ಸರ್ಕಾರ ಹೇಳಿದ ಕಡೆ 4 ಕೋಟಿ ಬಾತ್ ಹೂಡಿದರೆ, ಮಂತ್ರಿಗಳು ಒಪ್ಪಿದರೆ, ವಾಸಕ್ಕೆಂದು ಒಂದು ರಾಯ್ ಜಾಗ ಕೊಳ್ಳಬಹುದು. ರಾಯ್ ಅಂದರೆ 1,600 ಚದರ ಮೀಟರ್, ಮಾವನ ಲೆಕ್ಕದಲ್ಲಿ ಹದಿನಾರು ಗುಂಟೆಗೆ ಸ್ವಲ್ಪ ಕಮ್ಮಿ. ಬಾತ್ ಅಂದರೆ ಇಲ್ಲಿನ ದುಡ್ಡು, ವಾಂಗಿಯದಲ್ಲ. ಒಂದಕ್ಕೆ ನಮ್ಮ ಎರಡೂವರೆಯಿಂದ ಮೂರು ರೂಪಾಯಿಯ ಆಸುಪಾಸು. ಗುಣಾಕಾರ ನೀವೇ ಮಾಡಿಕೊಳ್ಳಿ.

ಇದನ್ನು ಕೇಳಿದವರು "ಇದ್ಯಾವ ನ್ಯಾಯ?" ಅನ್ನುತ್ತಾರೆ. ನಮ್ಮ ಕರ್ನಾಟಕದಲ್ಲೇ 2020ರ ತಿದ್ದುಪಡಿಯವರೆಗೆ ಕೃಷಿಕರಲ್ಲದವರು ಕೃಷಿ ಜಮೀನು ಕೊಳ್ಳುವಂತಿರಲಿಲ್ಲ. ಬೆಂಗಳೂರಿನ ಎಂಜಿನಿಯರಿಗೆ ತುಮಕೂರು ಜಿಲ್ಲೆಯ ಹೊಲ ಸಿಗದಿದ್ದ ಕಾಲ ಅದು. ಅದು ಹೋದಾಗ ಎಷ್ಟು ಜಗಳವಾಯಿತು ಎನ್ನುವುದು ನೆನಪಿರಬೇಕಲ್ಲ. ಇಲ್ಲಿಯೂ ಹಾಗೇ. 2022ರ ಅಕ್ಟೋಬರಿನಲ್ಲಿ ಇದೇ 4 ಕೋಟಿಯ ನಿಯಮವನ್ನು ಸಡಿಲಿಸುವ ಪ್ರಸ್ತಾಪಕ್ಕೆ ಸಂಪುಟ ಒಪ್ಪಿತು. "ದೇಶ ಮಾರುತ್ತಿದ್ದಾರೆ" ಎಂದು ಜನ ತಿರುಗಿಬಿದ್ದರು. ಮುಂದಿನ ತಿಂಗಳೇ ಸರ್ಕಾರ ಅದನ್ನು ಹಿಂದಕ್ಕೆ ತೆಗೆದುಕೊಂಡಿತು. 2024ರ ಜೂನ್‌ನಲ್ಲಿ ಜಾಗದ ಗುತ್ತಿಗೆಯನ್ನು 99 ವರ್ಷಕ್ಕೆ ಏರಿಸುವುದು, ಫ್ಲ್ಯಾಟು ಕಟ್ಟಡಗಳಲ್ಲಿ ವಿದೇಶಿಯರ ಪಾಲನ್ನು 75%ಗೆ ಏರಿಸುವುದನ್ನು ಪರಿಶೀಲಿಸಲು ಹೊರಟಾಗಲೂ ಅದೇ ಗದ್ದಲ. ನಮ್ಮ ಬೀದಿಯ ಕಾಫಿ ಗಾಡಿಯವಳು ಅವತ್ತು ನನ್ನ ಮುಖ ನೋಡಿಕೊಂಡೇ ಬೈದಳು, ಆಮೇಲೆ "ನಿನಗಲ್ಲ" ಅಂದಳು. ನನಗೆ ಬೇಜಾರಾಗಲಿಲ್ಲ. ತನ್ನ ಊರಲ್ಲಿ ತಾನು ಮನೆ ಕೊಳ್ಳಲಾಗದವಳ ಸಿಟ್ಟು ಅದು.

ಹಾಗಾದರೆ ಏನು ಸಿಗುತ್ತದೆ? ಕಾಂಡೋ, ಅಂದರೆ ನಾವು ಫ್ಲ್ಯಾಟ್ ಅನ್ನುವುದು. 1979ರ ಕಾಯ್ದೆಯ ಪ್ರಕಾರ ಒಂದು ಕಟ್ಟಡದ ಎಲ್ಲ ಫ್ಲ್ಯಾಟುಗಳ ಒಟ್ಟು ವಿಸ್ತೀರ್ಣದಲ್ಲಿ 49% ತನಕ ವಿದೇಶಿಯರ ಹೆಸರಿನಲ್ಲಿ ಇರಬಹುದು. ಪೂರ್ತಿ ಸ್ವಂತದ್ದು, ಮಾರಬಹುದು, ಮಕ್ಕಳಿಗೆ ಬಿಡಬಹುದು. ಫುಕೆಟ್, ಪಟ್ಟಾಯದಂಥ ಕಡೆ ಬೇಡಿಕೆಯ ಕಟ್ಟಡಗಳಲ್ಲಿ ಈ ಪಾಲು ಬೇಗ ತುಂಬಿಬಿಡುತ್ತದೆ. ಆಗ ಉಳಿದಿರುವುದು ಥಾಯ್ ಪಾಲಿನ ಫ್ಲ್ಯಾಟುಗಳು. ಏಜೆಂಟ್ ಅದನ್ನೇ ತೋರಿಸಿ "ಏನಾದರೂ ಮಾಡೋಣ" ಅನ್ನುತ್ತಾನೆ. ಆ "ಏನಾದರೂ" ಏನೆಂದು ಮುಂದೆ ಹೇಳುತ್ತೇನೆ.

ನಾವು 2019ರಲ್ಲಿ ಒಂದು ಕಾಂಡೋ ಕೊಳ್ಳಲು ಹೊರಟಿದ್ದೆವು. ಬಾಂಗ್ ನಾ ಕಡೆ, ರೈಲು ನಿಲ್ದಾಣದ ಹತ್ತಿರ, 54 ಚದರ ಮೀಟರ್. ಮಗಳು ತನ್ನ ಕೋಣೆಗೆ ಬಣ್ಣವನ್ನೂ ಆರಿಸಿ ಆಗಿತ್ತು. ಭೂ ಕಚೇರಿಯ ಕಾಗದಗಳ ಪಟ್ಟಿ ನೋಡುವಾಗ ನಮ್ಮವರ ಮುಖ ಸಪ್ಪಗಾಯಿತು. ವಿದೇಶಿ ಕೊಳ್ಳುವ ಹಣ ವಿದೇಶದಿಂದ, ವಿದೇಶಿ ಕರೆನ್ಸಿಯಲ್ಲೇ ಬರಬೇಕು, ಅದಕ್ಕೆ ಇಲ್ಲಿನ ಬ್ಯಾಂಕಿನ ಪತ್ರ ಬೇಕು. ನಾವಿಬ್ಬರೂ ದುಡಿದದ್ದು ಇಲ್ಲೇ, ಸಂಬಳ ಬಾತ್‌ನಲ್ಲೇ, ತೆರಿಗೆ ಕಟ್ಟಿದ್ದೂ ಈ ಸರ್ಕಾರಕ್ಕೇ. ಆ ದುಡ್ಡು ಮಾತ್ರ ಆಗದಂತೆ! ಖಾಯಂ ನಿವಾಸದ ಪರವಾನಗಿ ಇದ್ದವರಿಗೆ ಈ ಷರತ್ತಿಲ್ಲ, ನಮಗೆ ಅದಿರಲಿಲ್ಲ. ಇಲ್ಲಿಂದ ಹಣವನ್ನು ಹೊರಗೆ ಕಳಿಸಿ, ಡಾಲರ್ ಮಾಡಿ, ಮತ್ತೆ ಇಲ್ಲಿಗೆ ತರಿಸುವ ದಾರಿಯನ್ನು ಹಲವರು ಹಿಡಿಯುತ್ತಾರೆ. ಎರಡು ಕಡೆಯೂ ವಿನಿಮಯದಲ್ಲಿ ಕಳೆದುಕೊಳ್ಳಬೇಕು. ಸಾಲ? ಇಲ್ಲಿನ ಬ್ಯಾಂಕುಗಳು ವಿದೇಶಿಯರಿಗೆ ಗೃಹಸಾಲ ಕೊಡುವುದು ಅಪರೂಪ. ಒಂದು ವಾರ ಲೆಕ್ಕ ಹಾಕಿ, ಜಗಳ ಆಡಿ, ಕೈಬಿಟ್ಟೆವು. ಮಗಳು ಎರಡು ದಿನ ಮಾತಾಡಲಿಲ್ಲ.

ಊರಿಂದ ದುಡ್ಡು ತರುವವರಿಗೆ ಇದರ ಇನ್ನೊಂದು ಮುಖ. ಭಾರತದ ನಿವಾಸಿ ಒಬ್ಬರು ವರ್ಷಕ್ಕೆ ಎರಡೂವರೆ ಲಕ್ಷ ಡಾಲರ್ ತನಕ ಹೊರಗೆ ಕಳಿಸಬಹುದು, ಹೊರದೇಶದಲ್ಲಿ ಆಸ್ತಿ ಕೊಳ್ಳಲೂಬಹುದು. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದ ಭಾಗಕ್ಕೆ ಬ್ಯಾಂಕು 20% ಟಿಸಿಎಸ್ (ಮುಂಚಿತವಾಗಿಯೇ ವಸೂಲು ಮಾಡುವ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್ ಹಾಕುವಾಗ ಅದನ್ನು ತೆರಿಗೆಗೆ ವಜಾ ಮಾಡಿಕೊಳ್ಳಬಹುದು. ಆದರೆ ಒಂದು ಮಾತು. "ನಮ್ಮ ಬೆಂಗಳೂರಿನ ಖಾತೆಗೇ ರೂಪಾಯಿಯಲ್ಲಿ ಹಾಕಿಬಿಡಿ ಮೇಡಂ" ಎನ್ನುವ ಏಜೆಂಟನ ಮಾತು ಕೇಳಬೇಡಿ. ನಿಮ್ಮ ಹೆಸರಿನಲ್ಲಿ ಇಲ್ಲಿಗೆ ವಿದೇಶಿ ಕರೆನ್ಸಿ ಬಂದ ದಾಖಲೆ ಇಲ್ಲದಿದ್ದರೆ ನೋಂದಣಿ ಆಗುವುದಿಲ್ಲ. ನಾಳೆ ಮಾರಿ ಹಣ ವಾಪಸ್ ಒಯ್ಯುವಾಗಲೂ ಕೇಳುವುದು ಅದೇ ಪತ್ರವನ್ನು. ಮತ್ತೆ, ಕಾಂಡೋ ಕೊಂಡಮಾತ್ರಕ್ಕೆ ವೀಸಾ ಸಿಗುವುದಿಲ್ಲ. ಸ್ವಂತ ಮನೆಯ ಬೀಗದ ಕೈ ಜೇಬಲ್ಲಿಟ್ಟುಕೊಂಡೇ ವೀಸಾ ಕಚೇರಿಯ ಸಾಲಿನಲ್ಲಿ ನಿಲ್ಲಬೇಕು.

ಈಗ ಆ "ಏನಾದರೂ". ಕನ್ನಡದಲ್ಲಿ ಅದಕ್ಕೆ ಒಳ್ಳೆಯ ಪದವೇ ಇದೆ, ಬೇನಾಮಿ. ಒಂದು ಕಂಪನಿ ತೆಗೆಯುವುದು, 51% ಷೇರು ಥಾಯ್ ಜನರ ಹೆಸರಿನಲ್ಲಿ, ಭೂಮಿ ಕಂಪನಿಯ ಹೆಸರಿನಲ್ಲಿ. ಪಟ್ಟಾಯದಲ್ಲಿ ನಮಗೆ ಪರಿಚಯದವರೊಬ್ಬರು ಹೀಗೆ ಹಿತ್ತಲು ಸಮೇತ ಮನೆ ಮಾಡಿದ್ದಾರೆ. ನಿಮ್ಮ ಪಾಲುದಾರರು ಯಾರು ಎಂದು ಊಟಕ್ಕೆ ಹೋದಾಗ ಕೇಳಿದೆ. ಲೆಕ್ಕ ಬರೆಯುವವನ ಆಫೀಸಿನ ಇಬ್ಬರು ಹುಡುಗಿಯರಂತೆ. ಒಬ್ಬಳ ಹೆಸರು ಅವರಿಗೆ ಸರಿಯಾಗಿ ನೆನಪಿರಲಿಲ್ಲ! ಭೂ ಇಲಾಖೆ ಕೇಳುವುದು ಇದನ್ನೇ: ತಿಂಗಳ ಸಂಬಳದವಳಿಗೆ ಷೇರು ಕೊಳ್ಳಲು ಲಕ್ಷಾಂತರ ಬಾತ್ ಎಲ್ಲಿಂದ ಬಂತು? 1999ರ ವಿದೇಶಿ ವ್ಯವಹಾರ ಕಾಯ್ದೆಯಡಿ ವಿದೇಶಿಯರ ಪರವಾಗಿ ಹೆಸರು ಕೊಟ್ಟವರಿಗೂ ಕೊಡಿಸಿಕೊಂಡವರಿಗೂ ಮೂರು ವರ್ಷದ ತನಕ ಜೈಲು, ಒಂದರಿಂದ ಹತ್ತು ಲಕ್ಷ ಬಾತ್ ದಂಡ. ಫುಕೆಟ್, ಸಮುಯಿ ಕಡೆ ಈಚಿನ ವರ್ಷಗಳಲ್ಲಿ ತಪಾಸಣೆ ಜೋರಾಗಿದೆ. ಆ ಮನೆಯ ಮಾವಿನ ಮರ ತುಂಬ ಚೆನ್ನಾಗಿದೆ, ಅದನ್ನೂ ಹೇಳಬೇಕು. ಆದರೆ ಆ ರಾತ್ರಿ ಬಸ್ಸಿನಲ್ಲಿ ನಿದ್ದೆ ಬಾರದಿದ್ದದ್ದು ನನಗೆ, ಅವರಿಗಲ್ಲ.

ಇಲ್ಲಿಯವರನ್ನು ಮದುವೆಯಾದವರ ಕತೆ ಬೇರೆ. ನಮ್ಮವರ ಜೊತೆ ಕೆಲಸ ಮಾಡುತ್ತಿದ್ದ ಮಂಗಳೂರಿನವರೊಬ್ಬರ ಹೆಂಡತಿ ಚಿಯಾಂಗ್ ಮಾಯ್‌ನವಳು. ಅಲ್ಲಿ ಅವಳ ಹೆಸರಿನಲ್ಲಿ ಜಾಗ ಕೊಂಡರು. ನೋಂದಣಿಯ ದಿನ ಗಂಡನೂ ಹೋಗಿ ಸಹಿ ಹಾಕಬೇಕು, "ಈ ಹಣ ಪೂರ್ತಿ ಅವಳದ್ದೇ, ನನ್ನದೇನೂ ಇಲ್ಲ" ಎಂದು. ಹತ್ತು ವರ್ಷದ ಉಳಿತಾಯ ಸುರಿದವರು ಪೆನ್ನು ಹಿಡಿದು ಹಾಗೆ ಬರೆದುಕೊಡುವಾಗ ಕೈ ನಡುಗಿತಂತೆ. ಆಮೇಲೆ ಅದೇ ಜಾಗದ ಮೇಲೆ ತಮ್ಮ ಜೀವಿತಾವಧಿಯ ಅನುಭೋಗದ ಹಕ್ಕನ್ನು ನೋಂದಾಯಿಸಿಕೊಂಡರು. ಅದರ ಥಾಯ್ ಹೆಸರು ನನಗೆ ಬಲು ಇಷ್ಟ: "ಸಿತ್ತಿ ಕೆಪ್ ಕಿನ್". ಕೆಪ್ ಅಂದರೆ ಕಿತ್ತು ಕೂಡಿಡು, ಕಿನ್ ಅಂದರೆ ತಿನ್ನು. ಕಿತ್ತು ತಿನ್ನುವ ಹಕ್ಕು; ಮರ ಅವಳದ್ದು, ಹಣ್ಣು ಇವರದ್ದು. ಅದಕ್ಕೂ ಒಂದು ಹುಳುಕಿದೆ. ಗಂಡ ಹೆಂಡಿರ ನಡುವಿನ ಆಸ್ತಿ ಒಪ್ಪಂದವನ್ನು ಮದುವೆ ಇರುವಾಗ ಅಥವಾ ಬಿಟ್ಟ ಒಂದು ವರ್ಷದೊಳಗೆ ಯಾರಾದರೊಬ್ಬರು ರದ್ದು ಮಾಡಬಹುದು. ಅವರ ಸಂಸಾರ ಚೆನ್ನಾಗಿದೆ, ಇರಲಿ.

30 ವರ್ಷದ ಗುತ್ತಿಗೆಯ ಬಗ್ಗೆ ಕೇಳುವವರೂ ಇದ್ದಾರೆ. ಮೂರು ವರ್ಷ ಮೀರಿದ ಗುತ್ತಿಗೆಯನ್ನು ಭೂ ಕಚೇರಿಯಲ್ಲಿ ನೋಂದಾಯಿಸಬೇಕು, ಗರಿಷ್ಠ 30 ವರ್ಷ. ಬ್ರೋಷರುಗಳಲ್ಲಿ "30+30+30, ಒಟ್ಟು 90 ವರ್ಷ" ಎಂದು ದಪ್ಪಕ್ಷರದಲ್ಲಿ ಇರುತ್ತದೆ. ಮೊದಲ ಮೂವತ್ತನ್ನು ಮಾತ್ರ ನಂಬಿ. ಉಳಿದದ್ದು ಈಗಿನ ಒಡೆಯ ಕೊಟ್ಟ ಮಾತು, ನಾಳೆಯ ಒಡೆಯನನ್ನು ಅದು ಕಟ್ಟಿಹಾಕುವುದಿಲ್ಲ. ಗುತ್ತಿಗೆಯನ್ನು ವಾರಸುದಾರರಿಗೂ ಮುಂದುವರಿಸಬೇಕೆಂದು ಬರೆಸದಿದ್ದರೆ ಗುತ್ತಿಗೆದಾರ ತೀರಿಕೊಂಡ ದಿನ ಅದೂ ತೀರಿತು.

ಇಷ್ಟೆಲ್ಲ ಹೇಳಿದ್ದಕ್ಕೆ ಮಾವ, "ಹಂಗಾದ್ರೆ ಗತಿ ಇಲ್ದೆ ಬಾಡಿಗೆ ಮನೇಲಿದೀರ" ಅಂದರು. ಅದು ಹಾಗಲ್ಲ. ಇಲ್ಲಿ ಬಾಡಿಗೆಗಿರುವುದು ಹಿತವಾಗಿದೆ. ಬೆಂಗಳೂರಿನಲ್ಲಿ ನಾವು ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಬಿಡುವಾಗ ಬಣ್ಣದ ಹೆಸರಿನಲ್ಲಿ ಒಂದು ತಿಂಗಳ ಬಾಡಿಗೆ ಮುರಿಸಿಕೊಂಡು ಬಂದವರು. ಇಲ್ಲಿ ರೂಢಿಯಲ್ಲಿರುವುದು ಎರಡು ತಿಂಗಳ ಡೆಪಾಸಿಟ್, ಒಂದು ತಿಂಗಳ ಮುಂಗಡ. ಮಂಚ, ಹಾಸಿಗೆ, ಫ್ರಿಜ್, ಎಸಿ ಎಲ್ಲ ಮನೆಯ ಜೊತೆಗೇ. ಆನ್ ನುತ್‌ನ ನಮ್ಮ ಹಳೇ ಕಟ್ಟಡದ ಎರಡು ಕೋಣೆಯ ಮನೆಗೆ 22,000 ಬಾತ್ ಕೊಡುತ್ತಿದ್ದೇವೆ. ಅದೇ ಮನೆ ಕೊಳ್ಳಲು ಹೋದರೆ ಆಗುವ ಬೆಲೆಯ ಬಡ್ಡಿಯಷ್ಟೂ ಆಗುವುದಿಲ್ಲ ಈ ಬಾಡಿಗೆ.

ಮೋಸವೇ ಇಲ್ಲ ಅನ್ನುತ್ತಿಲ್ಲ. ನಮ್ಮ ಮೊದಲ ಮನೆಯೊಡೆಯ ನೆಲದ ಗೀರುಗಳನ್ನು ಎಣಿಸಿ ಡೆಪಾಸಿಟ್ಟಿನ ಅರ್ಧ ನುಂಗಿದ. ಆ ಗೀರುಗಳು ನಾವು ಹೋಗುವ ಮೊದಲೇ ಇದ್ದವು. ಅಂದಿನಿಂದ ಬೀಗದ ಕೈ ಸಿಕ್ಕ ದಿನವೇ ಮೂಲೆ ಮೂಲೆಯ ಫೋಟೋ ತೆಗೆದು ಒಡೆಯರಿಗೆ ಕಳಿಸಿಬಿಡುತ್ತೇನೆ. ಕರೆಂಟಿನ ದರ ಕೇಳಿಕೊಳ್ಳಿ: ಕಾಂಡೋದಲ್ಲಿ ಮೀಟರ್ ನೇರವಾಗಿ ವಿದ್ಯುತ್ ಮಂಡಳಿಯದ್ದು, ಯೂನಿಟ್ಟಿಗೆ ನಾಲ್ಕು ಬಾತ್ ಆಸುಪಾಸು, ಇಡೀ ಕಟ್ಟಡ ಒಬ್ಬನದೇ ಆಗಿರುವ ಕಡೆ ಏಳೋ ಎಂಟೋ ಕೇಳುವುದುಂಟು. ಏಪ್ರಿಲ್ ತಿಂಗಳ ಸೆಕೆಯಲ್ಲಿ ಆ ವ್ಯತ್ಯಾಸ ಬಿಲ್ಲಿನಲ್ಲಿ ಗೊತ್ತಾಗುತ್ತದೆ. ವಿದೇಶಿ ಬಂದಿಳಿದ 24 ಗಂಟೆಯೊಳಗೆ ಮನೆಯೊಡೆಯ ವಲಸೆ ಇಲಾಖೆಗೆ ಟಿಎಂ 30 ಎಂಬ ಅರ್ಜಿಯಲ್ಲಿ ತಿಳಿಸಬೇಕು. ತಿಳಿಸದ ಒಡೆಯ ಸಿಕ್ಕರೆ ವೀಸಾ ಮುಂದುವರಿಸುವಾಗ ಪೇಚಾಟ ನಿಮ್ಮದು.

ಇನ್ನು ಅಡುಗೆ. ಭಾರತೀಯರಿಗೆ ಮನೆ ಕೊಡುವುದಿಲ್ಲ ಎಂದು ಮುಖಕ್ಕೇ ಹೇಳಿದವರು ಮೂವರು ಸಿಕ್ಕಿದ್ದಾರೆ, ಕಾರಣ ಒಗ್ಗರಣೆ. ಹೊಸ ಕಾಂಡೋಗಳ ಅಡುಗೆಮನೆ ಇರುವುದೇ ಹಾಲ್‌ನ ಗೋಡೆಗೆ ಅಂಟಿಕೊಂಡು, ಹೊಗೆ ಹೊರಹೋಗಲು ದಾರಿಯಿಲ್ಲದೆ. ನಮ್ಮ ಈಗಿನ ಮನೆಯೊಡತಿಯೂ ಕರಾರಿನಲ್ಲಿ "ಘಾಟಿನ ಅಡುಗೆ ಮಾಡುವಂತಿಲ್ಲ" ಎಂದು ಬರೆಸಿದ್ದಳು. ಒಣಮೆಣಸು ಹುರಿದು ಇಡೀ ಬೀದಿಯನ್ನು ಕೆಮ್ಮಿಸುವ ಊರಿನಲ್ಲಿ ಈ ಷರತ್ತು! ನಾವು ಬಾಲ್ಕನಿ ಇರುವ ಹಳೇ ಕಟ್ಟಡವನ್ನೇ ಹುಡುಕಿದ್ದು ಅದಕ್ಕೆ. ಒಲೆ ಬಾಲ್ಕನಿಯಲ್ಲಿದೆ, ಕರಾರು ಕಪಾಟಿನಲ್ಲಿದೆ. ನಮ್ಮಂಥವರಿಗೆ ಥಾಯ್ ಜನ "ಖೇಕ್" ಅನ್ನುತ್ತಾರೆ. ಕೆಲವು ಬಾಯಲ್ಲಿ ಅದು ಚುಚ್ಚುತ್ತದೆ. ಆ ಪದಕ್ಕೆ ಅತಿಥಿ ಎಂಬ ಅರ್ಥವೂ ಇದೆ ಎಂದು ತಿಳಿದ ಮೇಲೆ ನನಗೆ ಅದರ ಮೇಲೆ ಸಿಟ್ಟು ಕಮ್ಮಿಯಾಗಿದೆ.

2025ರ ಮಾರ್ಚ್ 28ರ ಮಧ್ಯಾಹ್ನ ಮಯನ್ಮಾರಿನಲ್ಲಿ ಭೂಕಂಪವಾದಾಗ ನಾನು ಹತ್ತೊಂಬತ್ತನೇ ಮಹಡಿಯಲ್ಲಿ ಚಪಾತಿ ಹಿಟ್ಟು ಕಲಸುತ್ತಿದ್ದೆ. ಸಾವಿರ ಕಿಲೋಮೀಟರ್ ಆಚೆ ನಡುಗಿದ ನೆಲ ಇಲ್ಲಿನ ಎತ್ತರದ ಕಟ್ಟಡಗಳನ್ನು ತೊಟ್ಟಿಲಿನಂತೆ ತೂಗಿತು. ಚತುಚಕ್‌ನಲ್ಲಿ ಕಟ್ಟುತ್ತಿದ್ದ ಸರ್ಕಾರಿ ಲೆಕ್ಕಪರಿಶೋಧನಾ ಕಚೇರಿಯ ಕಟ್ಟಡ ಕುಸಿದೇಬಿತ್ತು. ಹಿಟ್ಟಿನ ಕೈಯಲ್ಲೇ ಮೆಟ್ಟಿಲು ಇಳಿದೆ. ನಮ್ಮ ಹಾಲ್‌ನ ಗೋಡೆಯಲ್ಲಿ ಬಿರುಕು ಬಿಟ್ಟಿತ್ತು. ಫೋಟೋ ತೆಗೆದು ಮನೆಯೊಡತಿಗೆ ಕಳಿಸಿದೆ, ಅಷ್ಟೇ ನನ್ನ ಕೆಲಸ. ಎದುರು ಕಟ್ಟಡದಲ್ಲಿ ಸ್ವಂತ ಕಾಂಡೋ ಇರುವ ಗೆಳತಿ ತಿಂಗಳುಗಟ್ಟಲೆ ಸಂಘದ ಸಭೆ, ವಿಮೆ, ಎಂಜಿನಿಯರ್ ವರದಿ ಎಂದು ಓಡಾಡಿದಳು. ಅವಳಿಗೆ ಮಾರುವ ಮನಸ್ಸಾಗಿದೆ, ಕೊಳ್ಳುವವರಿಲ್ಲ.

ಇದನ್ನೆಲ್ಲ ಮೊನ್ನೆ ಭಾನುವಾರ ಮುಕ್ಕಾಲು ಗಂಟೆ ಮಾವನಿಗೆ ಬಿಡಿಸಿ ಹೇಳಿದೆ. ನಡುವೆ ಒಮ್ಮೆಯೂ ಬಾಯಿ ಹಾಕದೆ ಕೇಳಿದರು. ನನಗೇ ಆಶ್ಚರ್ಯ. ಕೊನೆಗೆ ಗಂಟಲು ಸರಿಮಾಡಿಕೊಂಡು ಅಂದರು: "ಹಂಗಾದ್ರೆ ದುಡ್ಡು ಬ್ಯಾಂಕಲ್ಲೇ ಇದೆ ಅನ್ನು. ಹಾಸನ ರೋಡಲ್ಲಿ ಒಂದ್ ಸೈಟ್ ಐತೆ, ನೋಡ್ಲೇನೇ?"