ಸುಣ್ಣ ಹಾಕದೆ ಏರಿದ ರಸಸಾರ

ಅಡಿಕೆ ತೋಟದ ಯಜಮಾನರೊಬ್ಬರು ನಮ್ಮ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಬಂದು ಎರಡು ವರದಿಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಒಂದೇ ತೋಟ, ಒಂದೇ ರಾಶಿಯಿಂದ ತೆಗೆದ ಮಣ್ಣು. ಮೊದಲನೆಯದರಲ್ಲಿ ರಸಸಾರ, ಅಂದರೆ ಪಿಎಚ್, 5.3, ಎರಡನೆಯದರಲ್ಲಿ 6.1. ಅಂಕಿ ಇಳಿದಷ್ಟೂ ಮಣ್ಣು ಹುಳಿ; ಸುಣ್ಣ ಹಾಕಿದರೆ ಅದು ಏರುತ್ತದೆ. “ಮೇಡಂ, ನಾನು ಇನ್ನೂ ಸುಣ್ಣದ ಚೀಲವನ್ನೇ ಬಿಚ್ಚಿಲ್ಲ. ಇದು ಏರಿದ್ದು ಹೇಗೆ?” ಎಂದು ಕೇಳಿದರು. ಜಗಳ ತೆಗೆದಿದ್ದರೆ ಸಮಾಧಾನ ಹೇಳಿ ಕಳುಹಿಸಬಹುದಿತ್ತು. ಅವರು ಲೆಕ್ಕ ಕೇಳುತ್ತಿದ್ದರು.

ಕೇಳಬೇಕಾದ ಲೆಕ್ಕವೇ. ಪಿಎಚ್ ಮಾಪನದಲ್ಲಿ 0.8 ಅಂಶ ಎಂದರೆ ಆಮ್ಲೀಯತೆಯಲ್ಲಿ ಆರು ಪಟ್ಟಿಗೂ ಮಿಕ್ಕಿದ ವ್ಯತ್ಯಾಸ. ಮಲೆನಾಡಿನ ಮಳೆ ಮಣ್ಣಿನ ಕ್ಯಾಲ್ಸಿಯಂ, ಮೆಗ್ನೀಸಿಯಂಗಳನ್ನು ತೊಳೆದುಕೊಂಡು ಹೋಗುತ್ತದೆ. ಇಲ್ಲಿ ಹುಳಿ ಮಣ್ಣು ಹೊಸ ಸುದ್ದಿಯಲ್ಲ. ಆದರೆ 5.3 ಬಂದರೆ ಸುಣ್ಣ ತರಿಸಬೇಕು, 6.1 ಬಂದರೆ ಸದ್ಯಕ್ಕೆ ಸುಮ್ಮನಿರಬಹುದು.

ಒಳಗೆ ಹೋಗಿ ವಿಚಾರಿಸಿದರೆ ಸಹಾಯಕ ಹುಡುಗ ಧೈರ್ಯವಾಗಿಯೇ ಇದ್ದ. “ಬೆಳಿಗ್ಗೆ ಮೂರೂ ಬಫರ್ ಇಟ್ಟು ನೋಡಿದ್ದೇನೆ ಮೇಡಂ. 4, 7, 9.2, ಎಲ್ಲವೂ ಸರಿಯಾಗಿ ಬಂದಿವೆ.” ಬಫರ್ ಎಂದರೆ ಮೀಟರನ್ನು ಪರೀಕ್ಷಿಸಲು ಬಳಸುವ, ಪಿಎಚ್ ಮೊದಲೇ ಗೊತ್ತಿರುವ ದ್ರಾವಣ. ಅವನು ಹೇಳಿದ್ದು ನಿಜ. ನನಗೆ ಅನುಮಾನ ಬಂದದ್ದೂ ಅದರಿಂದಲೇ.

ಅದೇ ಮಣ್ಣನ್ನು ಮತ್ತೆ ತೂಗಿಸಿದೆ. 20 ಗ್ರಾಂ ಮಣ್ಣು, 50 ಮಿಲಿಲೀಟರ್ ನೀರು, ಆಗಾಗ ಕಲಕುತ್ತ ಅರ್ಧ ಗಂಟೆ. ಮೀಟರಿನ ಅಳೆಯುವ ಕಡ್ಡಿಯಾದ ಎಲೆಕ್ಟ್ರೋಡ್ ಇಳಿಸಿ ಬೀಕರನ್ನು ಮೆಲ್ಲಗೆ ತಿರುಗಿಸುತ್ತಿದ್ದಾಗ 5.5 ಇತ್ತು. ತಿರುಗಿಸುವುದನ್ನು ನಿಲ್ಲಿಸಿದ ಕೂಡಲೇ ಅಂಕಿ ಹತ್ತತೊಡಗಿತು: 5.7, 5.9, 6.1. ಅಲ್ಲಿ ಬಂದು ನಿಂತಿತು. ಮತ್ತೆ ತಿರುಗಿಸಿದರೆ ಸರ್ರನೆ ಕೆಳಗೆ. ಕೆಸರಿನಲ್ಲಿ ಒಂದು, ಮೇಲಿನ ತಿಳಿಯಲ್ಲಿ ಇನ್ನೊಂದು ಬರುವುದು ಮಣ್ಣಿನ ಸ್ವಭಾವ. ಆದರೆ ಇಷ್ಟು ಅಂತರ ಮಣ್ಣಿನದಲ್ಲ. ಮೀಟರಿನ ಮೂಲೆಯಲ್ಲಿ “ಸ್ಥಿರ” ಎಂಬ ಗುರುತು ಬಂದರೆ ಅಂಕಿ ನಿಂತಿದೆ ಎಂದಷ್ಟೇ ಅರ್ಥ. ಸರಿಯಾದ ಜಾಗದಲ್ಲಿ ನಿಂತಿದೆಯೇ ಎಂಬುದು ಅದಕ್ಕೆ ಗೊತ್ತಿಲ್ಲ.

ನಾವು ಒಂದು ಎಲೆಕ್ಟ್ರೋಡ್ ಎಂದು ಕರೆಯುವ ಕಡ್ಡಿಯೊಳಗೆ ಇರುವುದು ಎರಡು. ತುದಿಯ ಗಾಜಿನ ಗುಂಡು ಆಮ್ಲೀಯತೆಯನ್ನು ಗ್ರಹಿಸುತ್ತದೆ. ಅದನ್ನು ಹೋಲಿಸಿ ನೋಡಲು ಬದಲಾಗದ ಇನ್ನೊಂದು ತುದಿ ಬೇಕು. ಅದು ಸಿಲ್ವರ್ ಕ್ಲೋರೈಡ್ ಲೇಪಿಸಿದ ಬೆಳ್ಳಿ ತಂತಿ, ಪೊಟ್ಯಾಸಿಯಂ ಕ್ಲೋರೈಡ್ ದ್ರಾವಣದಲ್ಲಿ ಮುಳುಗಿರುತ್ತದೆ. ಗುಂಡಿನ ಪಕ್ಕದಲ್ಲಿ ಸೂಜಿಮೊನೆಯಷ್ಟು ಬಿಳಿ ಚುಕ್ಕೆ ಕಾಣುತ್ತದಲ್ಲ, ಆ ಪಿಂಗಾಣಿ ರಂಧ್ರದ ಮೂಲಕ ದ್ರಾವಣ ಅಷ್ಟಷ್ಟೇ ಹೊರಗೆ ಜಿನುಗಬೇಕು. ಎಲ್ಲರ ಕಣ್ಣೂ ಗುಂಡಿನ ಮೇಲೆ, ಕೆಡುವುದು ಹೆಚ್ಚಾಗಿ ಚುಕ್ಕೆ. ಭೂತಗನ್ನಡಿ ಹಿಡಿದು ನೋಡಿದರೆ ನಮ್ಮದು ಕೆಮ್ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬಫರಿನಲ್ಲಿ ಲವಣ ಧಾರಾಳ, ಹಾಗಾಗಿ ಅರ್ಧ ಮುಚ್ಚಿದ ಬಾಯಿಯಲ್ಲೂ ಕೆಲಸ ಸಾಗುತ್ತದೆ. ಮಳೆಯಲ್ಲಿ ತೊಳೆದ ಮಣ್ಣಿನ ನೀರಿನಲ್ಲಿ ಲವಣವೇ ಕಡಿಮೆ. ಬಣ್ಣ ಬಯಲಾಗುವುದು ಅಲ್ಲಿ. ಅಮೆರಿಕದ ಆರ್ನಾಲ್ಡ್ ಬೆಕ್‌ಮನ್ 1934ರಲ್ಲಿ ಪಿಎಚ್ ಮೀಟರ್ ಕಟ್ಟಿದ್ದು ನಿಂಬೆಹಣ್ಣಿನ ರಸ ಅಳೆಯಲು. ಕೆಸರು ಅದರ ಹುಟ್ಟಿನ ಕರಾರಿನಲ್ಲೇ ಇರಲಿಲ್ಲ.

ಆ ಎಲೆಕ್ಟ್ರೋಡ್ ಜೆಲ್ ತುಂಬಿ ಮುಚ್ಚಿದ ಜಾತಿಯದು. ಹೊಲಕ್ಕೆ ಒಯ್ಯಲು ಚೆನ್ನ, ಆರೈಕೆ ಕಡಿಮೆ. ಆದರೆ ಒಳಗಿನ ಜೆಲ್ ಸೋತರೆ ಮರುಪೂರಣವಿಲ್ಲ. ದಿನವಿಡೀ ಕೆಸರಿನಲ್ಲಿ ಅದ್ದುವವರಿಗೆ ದ್ರಾವಣ ತುಂಬಬಹುದಾದ ಗಾಜಿನದೇ ಸರಿ ಎಂಬುದು ನನ್ನ ಹಳೆಯ ವಾದ. ಕಾರ್ಖಾನೆಯ ಕೊಳಚೆ ನೀರು ನೋಡುವವರಿಗೆ ಜೋಡಿ ಕೋಣೆಯದು ಬೇಕು, ಇಲ್ಲವಾದರೆ ಸಲ್ಫೈಡ್ ಒಳನುಗ್ಗಿ ಬೆಳ್ಳಿಯ ಜೊತೆ ಸೇರಿ ರಂಧ್ರವನ್ನು ಕಪ್ಪು ಮಾಡುತ್ತದೆ. ಚೀಸ್, ಮಾಂಸಗಳಿಗೆ ಈಟಿಮೊನೆಯದು, ಚರ್ಮ, ಕಾಗದಗಳಿಗೆ ಚಪ್ಪಟೆ ತುದಿಯದು. ಎಲ್ಲಕ್ಕೂ ಒಂದನ್ನೇ ಕೊಳ್ಳುವ ಉಳಿತಾಯ ನನಗೆ ಅರ್ಥವಾಗಿಲ್ಲ.

ಡ್ರಾಯರಿನಲ್ಲಿ ಹಳೆಯ ಗಾಜಿನದೊಂದು ಒಣಗಿ ಬಿದ್ದಿತ್ತು, ಮೈಯೆಲ್ಲ ಬಿಳಿ ಉಪ್ಪು. ಉಪ್ಪು ರೋಗವಲ್ಲ, ತೊಳೆದರೆ ಹೋಗುತ್ತದೆ. ಗುಂಡನ್ನು 0.1 ಮೋಲಾರ್ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಅರ್ಧ ಗಂಟೆ ಇಟ್ಟೆ. ಹಳೆಯ ದ್ರಾವಣ ಚೆಲ್ಲಿ, ಒಳಗಿನ ಹರಳುಗಳನ್ನು ಬೆಚ್ಚನೆಯ ನೀರಿನಲ್ಲಿ ಕರಗಿಸಿ, ತಯಾರಕರ ಬಾಟಲಿಯಿಂದ ಹೊಸ ದ್ರಾವಣ ತುಂಬಿದೆ. ಆಮೇಲೆ ತುದಿಯನ್ನು ಒತ್ತಿ ಒಣಗಿಸಿ ಸ್ಟ್ಯಾಂಡಿಗೆ ತೂಗುಹಾಕಿದೆ. ಕಾಫಿ ಕುಡಿದು ಬರುವಷ್ಟರಲ್ಲಿ ಚುಕ್ಕೆಯ ಮೇಲೆ ಸಣ್ಣದೊಂದು ಉಪ್ಪಿನ ಕಣ ಮೂಡಿತ್ತು. ಜಿನುಗುತ್ತಿದೆ! ರಾತ್ರಿಯಿಡೀ ನೆನೆಯಲು ಬಿಟ್ಟೆವು.

ನೆನೆಸಿದ್ದು 3 ಮೋಲಾರ್ ಪೊಟ್ಯಾಸಿಯಂ ಕ್ಲೋರೈಡಿನಲ್ಲಿ, ಅಂದರೆ 100 ಮಿಲಿಲೀಟರಿಗೆ ಸುಮಾರು 22.4 ಗ್ರಾಂ. ಭಟ್ಟಿ ಇಳಿಸಿದ ನೀರಿನಲ್ಲಿ ಖಂಡಿತ ಅಲ್ಲ. ಶುದ್ಧ ನೀರು ಎಂಬ ಭಕ್ತಿಯಿಂದ ಎಲೆಕ್ಟ್ರೋಡನ್ನು ಅದರಲ್ಲೇ ಮುಳುಗಿಸಿಡುವ ಪ್ರಯೋಗಾಲಯಗಳನ್ನು ಬೇಕಾದಷ್ಟು ನೋಡಿದ್ದೇನೆ. ಆ ನೀರು ಒಳಗಿನ ಲವಣವನ್ನು ಎಳೆದುಕೊಳ್ಳುತ್ತದೆ. ಗುಂಡನ್ನು ಕನ್ನಡಕ ಒರೆಸಿದಂತೆ ತಿಕ್ಕುವವರೂ ಇದ್ದಾರೆ. ತಿಕ್ಕಿದರೆ ಗಾಜಿನ ಮೇಲೆ ವಿದ್ಯುದಂಶ ಕೂತು ಅಂಕಿ ಅಲೆದಾಡುತ್ತದೆ. ಟಿಶ್ಯೂ ತಾಗಿಸಿ ನೀರು ಹೀರಿಸಿದರೆ ಸಾಕು.

ಮರುದಿನ ಎಲೆಕ್ಟ್ರೋಡ್ ಕೊಡುವ ವೋಲ್ಟೇಜ್ ನೋಡಿದೆವು: 7ರ ಬಫರಿನಲ್ಲಿ ಮೈನಸ್ 8 ಮಿಲಿವೋಲ್ಟ್, 4ರಲ್ಲಿ 165. 25 ಡಿಗ್ರಿಯಲ್ಲಿ ಇವೆರಡರ ನಡುವೆ ಸುಮಾರು 177 ಇರಬೇಕಾದ ಕಡೆ 173 ಸಿಕ್ಕಿತು. ಶೇಕಡಾ 97ಕ್ಕೂ ಹೆಚ್ಚು. ಮುದಿ ಎಲೆಕ್ಟ್ರೋಡಿಗೆ ಇದು ಹೆಮ್ಮೆಯ ಅಂಕ. ದ್ರಾವಣ ತುಂಬುವ ತೂತಿನ ಮುಚ್ಚಳ ತೆರೆದು, ಒಳಗಿನ ಮಟ್ಟ ಬೀಕರಿನ ನೀರಿಗಿಂತ ಮೇಲಿರುವಂತೆ ಇಳಿಸಿದೆವು. ಕಲಕಿದರೂ ಬಿಟ್ಟರೂ 5.3ರ ಆಸುಪಾಸಿನಲ್ಲೇ ಆಡಿತು.

ಯಜಮಾನರಿಗೆ ಫೋನ್ ಮಾಡಿ, ಎರಡನೆಯ ವರದಿ ರದ್ದಾಗಿದೆ, ಚೀಲ ಬಿಚ್ಚಬಹುದು ಎಂದೆ. ಆ ಜೆಲ್ ಎಲೆಕ್ಟ್ರೋಡಿನಲ್ಲಿ ಅಳೆದ ಉಳಿದ ಮಾದರಿಗಳನ್ನೆಲ್ಲ ಮತ್ತೆ ಸಾಲಾಗಿ ಜೋಡಿಸಿದೆವು. ಹೊಸದಕ್ಕೆ ಬೇಡಿಕೆ ಪಟ್ಟಿ ಕಳುಹಿಸಿದಾಗ ಲೆಕ್ಕಪತ್ರ ವಿಭಾಗದವರು, “ಕಳೆದ ವರ್ಷ ಕೊಂಡದ್ದು ಏನಾಯಿತು?” ಎಂದು ಕೇಳಿ ವಾಪಸು ಕಳುಹಿಸಿದರು. “ಖರ್ಚಾಯಿತು” ಎಂದು ಬರೆದು, ಉಪಕರಣಗಳ ಪಟ್ಟಿಯಿಂದ ಅದನ್ನು ತೆಗೆದು, ಬಳಕೆ ಸಾಮಗ್ರಿಗಳಲ್ಲಿ ಫಿಲ್ಟರ್ ಕಾಗದದ ಕೆಳಗಿನ ಸಾಲಿಗೆ ಸೇರಿಸಿದೆ.