ಅವ್ವ ಕೇಳಿದ ಪ್ರಶ್ನೆ

ಮನೆ ಮಾಡಿ ನೆಲೆಸುವ ಊರು ಹೈದರಾಬಾದೋ, ಪುಣೆಯೋ, ಬೆಂಗಳೂರೋ ಎಂದು ನಾವಿಬ್ಬರೂ ಬಾಡಿಗೆ, ಶಾಲಾ ಶುಲ್ಕಗಳನ್ನು ತೂಗಿ ನೋಡುತ್ತಿದ್ದಾಗ, ಇಂದು ಧಾರವಾಡದಿಂದ ಫೋನು ಮಾಡಿದ ಅವ್ವ ಕೇಳಿದ್ದು ಒಂದೇ ಮಾತು: “ನಾ ಒಬ್ಬಾಕಿನ ರೈಲು ಹತ್ತಿ ಬರೂವಂಥಾ ಊರು ಯಾವುದು?”

ಬೆಂಗಳೂರಿಗೆ 2023ರಿಂದ ವಂದೇ ಭಾರತ್ ಇದೆ, ರಾತ್ರಿ ಮಲಗಿ ಬೆಳಿಗ್ಗೆ ಇಳಿಯಲು ರಾಣಿ ಚೆನ್ನಮ್ಮ ಇದೆ.

ಪುಣೆಗೂ 2024ರಿಂದ ಹುಬ್ಬಳ್ಳಿಯ ವಂದೇ ಭಾರತ್ ಓಡುತ್ತಿದೆಯಾದರೂ, ಅಲ್ಲಿ ಇಳಿದ ಮೇಲೆ ಆಟೋದವರೊಡನೆ, ಔಷಧಿ ಅಂಗಡಿಯವರೊಡನೆ, ವೈದ್ಯರೊಡನೆ ಅವ್ವ ಯಾವ ಭಾಷೆಯಲ್ಲಿ ಮಾತಾಡಬೇಕು?

ಮಕ್ಕಳು ಮರಾಠಿಯನ್ನೋ ತೆಲುಗನ್ನೋ ಬೇಗ ಕಲಿಯುತ್ತಾರೆ; ಎಪ್ಪತ್ತು ದಾಟಿದವರಿಗೆ ಅದು ಸುಲಭವಲ್ಲ.

ಬೆಂಗಳೂರಿನ ವಾಹನದಟ್ಟಣೆ, ಬೇಸಿಗೆಯ ಟ್ಯಾಂಕರ್ ನೀರು ನನ್ನನ್ನು ನಿಜಕ್ಕೂ ಹೆದರಿಸುತ್ತವೆ. ಆದರೂ ಯಶವಂತಪುರ ನಿಲ್ದಾಣಕ್ಕೆ ಹತ್ತಿರದ, ಮೆಟ್ರೊ ಇರುವ ಬಡಾವಣೆಯಲ್ಲಿ ಮನೆ ಹುಡುಕಲು ಆರಂಭಿಸಿದ್ದೇವೆ. ಅಂಥ ಬಡಾವಣೆ ಯಾವುದೆಂದು ತಿಳಿದವರು ದಯವಿಟ್ಟು ಹೇಳಿ.