ಮಕ್ಕಳನ್ನು ಒತ್ತೆ ಇಟ್ಟ ಮನೆ

2025 ಮೇ 17, ಶನಿವಾರ
ಅರ್ಲಿ, ರೆಡಿಂಗ್

ಬೆಳಿಗ್ಗೆ ಒಳ್ಳೆ ಬಿಸಿಲಿತ್ತು. ರೆಡಿಂಗ್ ಅಬ್ಬೆ ಎಂಬ ಹಳೆಯ ಕ್ರೈಸ್ತ ಮಠದ ಪಾಳುಗೋಡೆಗಳ ತನಕ ಹೋಗಿ, ಅಲ್ಲಿಂದ ಥೇಮ್ಸ್ ದಾಟಿ ಕ್ಯಾವರ್ಶಮ್ ಕಡೆ ನಡೆದು ಬಂದೆ. ಗೋಡೆಯ ಮೇಲ್ಮೈಯ ಕೆತ್ತಿದ ಕಲ್ಲನ್ನೆಲ್ಲ ಜನ ಯಾವಾಗಲೋ ಕಿತ್ತುಕೊಂಡು ಹೋಗಿದ್ದಾರೆ. ಉಳಿದಿರುವುದು ಒಳಗೆ ತುಂಬಿದ್ದ ಚಕಮಕಿ ಕಲ್ಲು, ಗಾರೆ, ಅಷ್ಟೇ. ಮೊನ್ನೆ 14ನೇ ತಾರೀಖಿಗೆ ವಿಲಿಯಂ ಮಾರ್ಷಲ್ ಸತ್ತು 806 ವರ್ಷ ಆಯಿತು. ಸತ್ತದ್ದು ಕ್ಯಾವರ್ಶಮ್‌ನ ತನ್ನ ಮನೆಯಲ್ಲಿ. ಲಂಡನ್ನಿನ ಟೆಂಪಲ್ ಚರ್ಚಿಗೆ ಒಯ್ಯುವ ಮೊದಲು ಹೆಣವನ್ನು ತಂದು ಇರಿಸಿದ್ದು ಇದೇ ಅಬ್ಬೆಯಲ್ಲಿ.

ಐದು ರಾಜರ ಸೇವೆ ಮಾಡಿದ ನೈಟ್ (ಕುದುರೆಯೇರಿ ಕಾದುವ ಯೋಧ), ಎಪ್ಪತ್ತರ ವಯಸ್ಸಿನಲ್ಲಿ ಇಂಗ್ಲೆಂಡನ್ನೇ ನಡೆಸಿದವನು. ಯೂಟ್ಯೂಬ್ ತೆರೆದರೆ ಅವನ ಕತ್ತಿ, ಕುದುರೆ, ಗೆಲುವು ಇವೇ ಸಿಗುತ್ತವೆ. ನನಗೆ ಅವನ ಮನೆಯವರ ಮೇಲೆ ಕುತೂಹಲ ಜಾಸ್ತಿ. ಅಪ್ಪ, ಅಮ್ಮ, ಹೆಂಡತಿ, ಹತ್ತು ಮಕ್ಕಳು. ಈ ಮನೆಯಲ್ಲಿ ಮಕ್ಕಳನ್ನು ಒತ್ತೆ ಇಡುವುದು ತಲೆಮಾರಿನಿಂದ ತಲೆಮಾರಿಗೆ ನಡೆದುಬಂತು. ಅದನ್ನೇ ಇವತ್ತು ಬರೆದಿಡೋಣ ಅನ್ನಿಸಿತು.

ಇಷ್ಟೆಲ್ಲ ನಮಗೆ ಗೊತ್ತಾಗಿರುವುದು ಒಂದು ಕಾವ್ಯದಿಂದ. ಹಳೆಯ ಫ್ರೆಂಚಿನಲ್ಲಿ 19,214 ಸಾಲು. ಅಪ್ಪ ಸತ್ತ ಮೇಲೆ ಹಿರಿಮಗ ಬರೆಸಿದ್ದು. ನೆನಪುಗಳನ್ನು ಒದಗಿಸಿದವರಲ್ಲಿ ಮುಖ್ಯನಾದವನು ಮಾರ್ಷಲ್‌ನ ಬಂಟ ಜಾನ್. ಅವನು ನಮ್ಮ ಅರ್ಲಿಯವನು! ಈಗ ಇಲ್ಲಿರುವುದು ಸೂಪರ್‌ಮಾರ್ಕೆಟ್ಟು, ಒಂದೇ ಅಚ್ಚಿನ ಇಟ್ಟಿಗೆ ಮನೆಗಳು, ನಮ್ಮಂಥ ಐಟಿ ಜನ. ಆ ಹಸ್ತಪ್ರತಿ ಯಾರ ಕಣ್ಣಿಗೂ ಬೀಳದೆ ಶತಮಾನಗಳು ಕಳೆದವು. 1861ರಲ್ಲಿ ಲಂಡನ್ನಿನ ಹರಾಜೊಂದರಲ್ಲಿ ಪಾಲ್ ಮೆಯರ್ ಎಂಬ ಫ್ರೆಂಚ್ ವಿದ್ವಾಂಸ ಅದನ್ನು ಒಮ್ಮೆ ನೋಡಿದ. ಅದು ಬೇರೆಯವರ ಪಾಲಾಯಿತು. ಅದನ್ನು ಮತ್ತೆ ಹುಡುಕಿ ಹಿಡಿಯಲು ಪುಣ್ಯಾತ್ಮನಿಗೆ ಇಪ್ಪತ್ತು ವರ್ಷ ಹಿಡಿಯಿತು. ಮನೆಯವರೇ ದುಡ್ಡು ಕೊಟ್ಟು ಬರೆಸಿದ ಕಾವ್ಯ, ಹೊಗಳಿಕೆಗೆ ಬರವಿಲ್ಲ. ಆದರೂ ನಡುನಡುವೆ ನಿಜದ ಮನೆ ಮಾತು ಕೇಳಿಸಿಬಿಡುತ್ತದೆ.

ಮೊದಲು ಅಪ್ಪನ ಕಥೆ. ಜಾನ್ ಮಾರ್ಷಲ್, ಒಕ್ಕಣ್ಣ. 1141ರಲ್ಲಿ ವೆರ್‌ವೆಲ್ ಎಂಬಲ್ಲಿ ಉರಿಯುತ್ತಿದ್ದ ಚರ್ಚಿನೊಳಗೆ ಸಿಕ್ಕಿಕೊಂಡಿದ್ದಾಗ ಚಾವಣಿಯ ಸೀಸ ಕರಗಿ ಮುಖದ ಮೇಲೆ ಬಿದ್ದು ಒಂದು ಕಣ್ಣು ಹೋಯಿತು. ಆಗ ದೇಶದಲ್ಲಿ ಪಟ್ಟಕ್ಕಾಗಿ ಎರಡು ಪಕ್ಷ. ಒಂದು ಕಡೆ ಸ್ಟೀಫನ್ ರಾಜ, ಇನ್ನೊಂದು ಕಡೆ ಅವನ ಸೋದರಮಾವನ ಮಗಳು ಮಟಿಲ್ಡಾ. ಜಾನ್ ಮಟಿಲ್ಡಾಳ ಕಡೆಯವನು. ನೆರೆಯ ಪ್ಯಾಟ್ರಿಕ್ ಎಂಬ ದೊಡ್ಡವನ ಜೊತೆ ಜಗಳ ಹೆಚ್ಚಾದಾಗ, ರಾಜಿಗಾಗಿ ಇದ್ದ ಹೆಂಡತಿಯನ್ನು ಬಿಟ್ಟು ಪ್ಯಾಟ್ರಿಕ್‌ನ ತಂಗಿ ಸಿಬಿಲ್‌ಳನ್ನು ಮದುವೆಯಾದ. ಈ ಸಿಬಿಲ್‌ಳ ಎರಡನೇ ಮಗ ನಮ್ಮ ವಿಲಿಯಂ. ಮೊದಲ ಹೆಂಡತಿಯ ಇಬ್ಬರನ್ನೂ ಸೇರಿಸಿದರೆ ಅಪ್ಪನಿಗೆ ನಾಲ್ಕನೇ ಗಂಡುಮಗ. ಆಸ್ತಿಯ ಲೆಕ್ಕದಲ್ಲಿ ಅವನಿಗೆ ಬರುವುದು ಸೊನ್ನೆ.

1152ರಲ್ಲಿ ಸ್ಟೀಫನ್ ನ್ಯೂಬರಿಯಲ್ಲಿ ಜಾನ್‌ನ ಕೋಟೆಗೆ ಮುತ್ತಿಗೆ ಹಾಕಿದ. ನ್ಯೂಬರಿ ಇಲ್ಲಿಂದ ರೈಲಿನಲ್ಲಿ ಅರ್ಧ ಗಂಟೆ. ಜಾನ್ ಸ್ವಲ್ಪ ದಿನ ಬಿಡುವು ಕೇಳಿದ. ನಂಬಿಕೆಗೆ ಐದಾರು ವರ್ಷದ ವಿಲಿಯಂನನ್ನು ಒತ್ತೆಯಾಗಿ ಒಪ್ಪಿಸಿದ. ಬಿಡುವು ಸಿಕ್ಕಿದ್ದೇ ತಡ, ಕೋಟೆಯೊಳಗೆ ದವಸ ಧಾನ್ಯ, ಸೈನಿಕರನ್ನು ತುಂಬಿಸಿ ಬಾಗಿಲು ಹಾಕಿಕೊಂಡ. ಮಗನನ್ನು ನೇಣಿಗೆ ಹಾಕುತ್ತೇವೆ ಎಂದು ರಾಜ ಹೇಳಿ ಕಳಿಸಿದರೆ, ಅಪ್ಪನ ಉತ್ತರ ಇದು: ಹಾಕಿಕೊಳ್ಳಲಿ, ಇದಕ್ಕಿಂತ ಒಳ್ಳೆಯ ಮಕ್ಕಳನ್ನು ಬಡಿದು ಮಾಡಲು ನನ್ನ ಹತ್ತಿರ ಕಮ್ಮಾರನ ಸುತ್ತಿಗೆಯೂ ಇದೆ, ಅಡಿಗಲ್ಲೂ ಇದೆ.

ಇದನ್ನು ಹೇಳುವಾಗ ಎಷ್ಟೋ ಜನ "ಎಂಥ ಗಟ್ಟಿ ಗುಂಡಿಗೆ!" ಎಂದು ತಲೆದೂಗುತ್ತಾರೆ. ರಾಜ ಮೆದು ಮನಸ್ಸಿನವನು, ಕೊಲ್ಲುವುದಿಲ್ಲ ಎಂದು ಲೆಕ್ಕ ಹಾಕಿಯೇ ಆಡಿದ ಮಾತು ಎಂದು ಸಮರ್ಥಿಸುವವರೂ ಇದ್ದಾರೆ. ಇರಬಹುದು. ಲೆಕ್ಕ ತಪ್ಪಿದ್ದರೆ? ನೇಣಿಗೆ ಹೋಗುತ್ತಿದ್ದದ್ದು ಅಪ್ಪನ ಕುತ್ತಿಗೆಯಲ್ಲ ಅಲ್ವಾ.

ಹುಡುಗನನ್ನು ಮರದ ಕಡೆ ಎತ್ತಿಕೊಂಡು ಹೊರಟರು. ದಾರಿಯಲ್ಲಿ ಒಬ್ಬ ದೊಡ್ಡ ಮನುಷ್ಯನ ಕೈಯಲ್ಲಿದ್ದ ಈಟಿ ಕಂಡು, ಅದು ನನಗೆ ಕೊಡಿ ಎಂದು ಇವನು ಕೈ ಚಾಚಿದ. ಸ್ಟೀಫನ್‌ಗೆ ತಡೆಯಲಾಗಲಿಲ್ಲ. ತಾನೇ ಎತ್ತಿಕೊಂಡು ಡೇರೆಗೆ ವಾಪಸ್ ತಂದ. ಕಲ್ಲು ಬೀರುವ ಯಂತ್ರದಲ್ಲಿ ಇಟ್ಟು ಕೋಟೆಯೊಳಗೆ ಎಸೆಯೋಣ ಎಂದು ಸಲಹೆ ಕೊಟ್ಟವರೂ ಇದ್ದರು. ಯಂತ್ರ ನೋಡಿ ಹುಡುಗ ಉಯ್ಯಾಲೆ ಅಂದುಕೊಂಡ.

ಇನ್ನೊಂದು ದಿನ ರಾಜನ ಡೇರೆಯಲ್ಲಿ ನೆಲದ ಮೇಲೆ ಹೂವು, ಹುಲ್ಲು ಹರಡಿದ್ದರು. ಹುಡುಗ ಅದರಲ್ಲಿ ತಲೆ ಇರುವ ದಂಟುಗಳನ್ನು ಹೆಕ್ಕಿ ಹಿಡಿಯಷ್ಟು ಕೂಡಿಸಿಕೊಂಡು, ನೈಟ್ ಆಟ ಆಡೋಣವಾ ಎಂದು ರಾಜನನ್ನೇ ಕರೆದ. ಒಬ್ಬರ ದಂಟಿಗೆ ಒಬ್ಬರು ಹೊಡೆಯುವುದು, ಯಾರದರ ತಲೆ ಉದುರುತ್ತದೋ ಅವರು ಸೋತಂತೆ. ರಾಜನ ದಂಟಿನ ತಲೆ ಉದುರಿತು, ಹುಡುಗ ಕುಣಿದಾಡಿದ. ಅಷ್ಟರಲ್ಲಿ ಡೇರೆಯ ಸಂದಿಯಲ್ಲಿ ಅವರ ಮನೆಯ ಆಳು ಇಣುಕುತ್ತಿರುವುದು ಕಂಡಿತು. ಅಮ್ಮ ಕಳಿಸಿದ್ದಳು, ಮಗು ಬದುಕಿದೆಯಾ ನೋಡಿಕೊಂಡು ಬಾ ಎಂದು. ಇವನು ಖುಷಿಯಿಂದ ಹೆಸರು ಹಿಡಿದು ಕೂಗಿಬಿಟ್ಟ, ಆಳು ಜೀವ ಉಳಿದರೆ ಸಾಕು ಎಂದು ಓಡಿದ. ಸುತ್ತಿಗೆ, ಅಡಿಗಲ್ಲಿನ ಮಾತು ಎಲ್ಲರಿಗೂ ಗೊತ್ತು. ಸಿಬಿಲ್ ಆಳನ್ನು ಕಳಿಸಿದ್ದನ್ನು ಹೇಳುವವರು ಕಡಿಮೆ.

ಮುಂದಿನ ವರ್ಷ ರಾಜಿಯಾಗಿ ಹುಡುಗ ಮನೆ ಸೇರಿದ. ಹದಿಮೂರರ ಹೊತ್ತಿಗೆ ಈಗಿನ ಫ್ರಾನ್ಸಿನ ನಾರ್ಮಂಡಿಯ ಟ್ಯಾಂಕರ್ವಿಲ್‌ನಲ್ಲಿದ್ದ ನೆಂಟರ ಮನೆಗೆ ಯುದ್ಧವಿದ್ಯೆ ಕಲಿಯಲು ಕಳಿಸಿದರು. ಅಲ್ಲಿ ಅವನಿಗೆ ಸಿಕ್ಕ ಮೊದಲ ಬಿರುದು ತಿಂಡಿಪೋತ. ನೈಟ್ ಆದ ಮೇಲೆ ಮೊದಲ ಕದನದಲ್ಲೇ ಕುದುರೆ ಸತ್ತು, ನೈಟ್ ಆದಾಗ ಹೊದ್ದ ಮೇಲುವಸ್ತ್ರವನ್ನು 22 ಸೂ ನಾಣ್ಯಕ್ಕೆ ಮಾರಿ ಸಾಮಾನು ಹೊರುವ ಕುದುರೆ ಕೊಂಡ. 1168ರಲ್ಲಿ ಫ್ರಾನ್ಸಿನ ಪ್ವಾಟೂ ಸೀಮೆಯಲ್ಲಿ ಸೋದರಮಾವ ಪ್ಯಾಟ್ರಿಕ್ ಕಣ್ಣೆದುರೇ ಕೊಲೆಯಾದ. ವಿಲಿಯಂ ತೊಡೆಗೆ ಪೆಟ್ಟು ತಿಂದು ಸೆರೆ ಸಿಕ್ಕ. ಗಾಯಕ್ಕೆ ಕಟ್ಟಲು ಬಟ್ಟೆಯೂ ಇಲ್ಲ. ಹಿಡಿದಿಟ್ಟವರ ಕಡೆಯ ಮನೆಯೊಂದರ ಹೆಂಗಸು ಇದನ್ನು ನೋಡಿ, ಒಂದು ದಪ್ಪ ಬ್ರೆಡ್ಡಿನ ತಿರುಳನ್ನು ತೋಡಿ ತೆಗೆದು, ಒಳಗೆ ನಾರುಬಟ್ಟೆಯ ಪಟ್ಟಿಗಳನ್ನು ತುಂಬಿ ಕಳಿಸಿದಳು. ಕೊನೆಗೆ ದುಡ್ಡು ಕೊಟ್ಟು ಬಿಡಿಸಿದ್ದು ಆಗಿನ ರಾಜ ಎರಡನೇ ಹೆನ್ರಿಯ ಹೆಂಡತಿ ಎಲಿನೋರ್ ರಾಣಿ. ಅಪ್ಪ ಆಗಲೇ ತೀರಿಕೊಂಡಿದ್ದ. ಇದ್ದಿದ್ದರೂ ಬಿಡಿಸುತ್ತಿದ್ದನೋ ಇಲ್ಲವೋ.

ಟೂರ್ನಮೆಂಟಿನ ವರ್ಷಗಳನ್ನು ಬೇಗ ದಾಟುತ್ತೇನೆ, ಅದು ಎಲ್ಲ ಕಡೆ ಸಿಗುತ್ತದೆ. ಸೋತವನನ್ನು ಹಿಡಿದು, ಅವನ ಕುದುರೆ, ಕವಚ ಕಿತ್ತುಕೊಂಡು, ಬಿಡಿಸಿಕೊಳ್ಳಲು ದುಡ್ಡು ವಸೂಲಿ ಮಾಡುವ ಆಟ. ಒಬ್ಬ ಜೊತೆಗಾರನೊಂದಿಗೆ ಸೇರಿ ಹತ್ತು ತಿಂಗಳಲ್ಲಿ 103 ನೈಟ್‌ಗಳನ್ನು ಹಿಡಿದನಂತೆ. ಪ್ಲೂರ್ಸ್ ಎಂಬಲ್ಲಿ ಬಹುಮಾನ ಕೊಡಲು ಹುಡುಕಿದರೆ ಆಸಾಮಿ ಎಲ್ಲೂ ಇಲ್ಲ. ನೋಡಿದರೆ ಕುಲುಮೆಯಲ್ಲಿ ಅಡಿಗಲ್ಲಿನ ಮೇಲೆ ತಲೆ ಇಟ್ಟುಕೊಂಡಿದ್ದಾನೆ! ಪೆಟ್ಟು ತಿಂದು ನಜ್ಜುಗುಜ್ಜಾದ ಹೆಲ್ಮೆಟ್ಟು ತಲೆಯಿಂದ ಬರುತ್ತಿಲ್ಲ, ಕಮ್ಮಾರ ಸುತ್ತಿಗೆ, ಇಕ್ಕಳ ಹಿಡಿದು ಬಿಡಿಸುತ್ತಿದ್ದಾನೆ. ಅಪ್ಪನ ಮಾತು ಆ ಹೊತ್ತಿನಲ್ಲಿ ಅವನಿಗೆ ನೆನಪಾಗಿರಬೇಕು ಎಂದು ನನಗೆ ಸುಮ್ನೆ ಒಂದು ಆಸೆ.

ಇಷ್ಟೆಲ್ಲ ಆದರೂ ನಲವತ್ತು ದಾಟುವ ತನಕ ಮದುವೆ ಇಲ್ಲ, ಹೇಳಿಕೊಳ್ಳುವಂಥ ಜಮೀನಿಲ್ಲ. 1189ರಲ್ಲಿ ಎರಡೂ ಒಟ್ಟಿಗೆ ಬಂದವು. ಇಸಬೆಲ್ ಡಿ ಕ್ಲೇರ್, ಸುಮಾರು ಹದಿನೆಂಟು ವರ್ಷ. ಅವಳ ಅಪ್ಪ ಸ್ಟ್ರಾಂಗ್‌ಬೋ, ಅಮ್ಮ ಐರ್ಲೆಂಡಿನ ಲೆನ್‌ಸ್ಟರ್ ರಾಜನ ಮಗಳು. ಅಪ್ಪನಿಲ್ಲದ ಹುಡುಗಿ ರಾಜನ ಪಾಲನೆಯಲ್ಲಿ ಲಂಡನ್ ಟವರಿನಲ್ಲಿದ್ದಳು. ಪಾಲನೆ ಅಂದರೆ, ಯಾರಿಗೆ ಮದುವೆ ಮಾಡಿಕೊಟ್ಟರೆ ರಾಜನಿಗೆ ಲಾಭವೋ ಅಂಥವನು ಸಿಗುವವರೆಗೆ ಭದ್ರವಾಗಿ ಇಡುವುದು. ಅವಳೂ ಒಂದು ಲೆಕ್ಕದಲ್ಲಿ ಒತ್ತೆಯೇ. ಅವಳ ಜೊತೆ ವೇಲ್ಸ್‌ನ ಚೆಪ್‌ಸ್ಟೋ, ಲೆನ್‌ಸ್ಟರ್, ನಾರ್ಮಂಡಿಯ ಜಮೀನು ಎಲ್ಲ ಬಂತು. ಮದುವೆ ಲಂಡನ್ನಿನಲ್ಲಿ ಒಬ್ಬ ಶ್ರೀಮಂತ ವ್ಯಾಪಾರಿಯ ಮನೆಯಲ್ಲಿ. ಮದುವೆಯಾದ ಹೊಸತರಲ್ಲಿ ಇದ್ದದ್ದು ಸರ್ರೆಯಲ್ಲಿ ಇನ್ನೊಬ್ಬರ ಮನೆಯಲ್ಲಿ.

ಐದು ಗಂಡು, ಐದು ಹೆಣ್ಣು, ಹತ್ತೂ ಮಕ್ಕಳು ದೊಡ್ಡವರಾದರು. ಆ ಕಾಲಕ್ಕೆ ಅದೇ ಒಂದು ಪವಾಡ.

ಆಮೇಲೆ ಜಾನ್ ರಾಜ ಬಂದ. ಯಾರನ್ನೂ ನಂಬದವನು. 1205ರ ಜಗಳದಲ್ಲಿ ಹಿರಿಮಗ ವಿಲಿಯಂನನ್ನು ಒತ್ತೆಯಾಗಿ ಕೇಳಿದ, ಮಾರ್ಷಲ್ ಕೊಟ್ಟ. ಮುಂದೆ ಮಾರ್ಷಲ್ ಐರ್ಲೆಂಡಿಗೆ ಹೋಗುವಾಗ ಎರಡನೇ ಮಗ ರಿಚರ್ಡ್‌ನನ್ನೂ ಕೇಳಿದ. ಇಸಬೆಲ್‌ಗೆ ಅದು ಸ್ವಲ್ಪವೂ ಒಪ್ಪಿಗೆ ಇರಲಿಲ್ಲ ಎಂದು ಕಾವ್ಯವೇ ಹೇಳುತ್ತದೆ. ಮಾರ್ಷಲ್ ಅವನನ್ನೂ ಕೊಟ್ಟ. ತಾನೇ ಒತ್ತೆಯಾಗಿ ಕೂತಿದ್ದವನು ಇದನ್ನು ಹೇಗೆ ಮಾಡಿದ? ಕೊಡದಿದ್ದರೆ ದ್ರೋಹಿ ಎಂಬ ಪಟ್ಟ, ಇಡೀ ಆಸ್ತಿ ಮುಟ್ಟುಗೋಲು, ಅದೆಲ್ಲ ಗೊತ್ತು. ಆದರೂ ಇಲ್ಲಿ ನಾನು ಇಸಬೆಲ್ ಕಡೆ.

1207ರಲ್ಲಿ ರಾಜ ಅವನನ್ನು ಐರ್ಲೆಂಡಿನಿಂದ ವಾಪಸ್ ಕರೆಸಿಕೊಂಡ. ಬಸುರಿ ಇಸಬೆಲ್, ಜೊತೆಗೆ ಅರ್ಲಿಯ ಜಾನ್, ಅಲ್ಲೇ ಉಳಿಯಬೇಕಾಯಿತು. ಹೊರಡುವ ಮೊದಲು ಮಾರ್ಷಲ್ ಅಲ್ಲಿನ ಜಮೀನ್ದಾರರನ್ನೆಲ್ಲ ಕರೆದು, ಹೆಂಡತಿಯ ಕೈ ಹಿಡಿದು ನಿಲ್ಲಿಸಿ ಹೇಳಿದ: ಈಕೆ ಹುಟ್ಟಿನಿಂದಲೇ ನಿಮ್ಮ ಒಡತಿ, ಇಲ್ಲಿ ನನಗೆ ಏನಾದರೂ ಇದ್ದರೆ ಈಕೆಯಿಂದ. ಅವತ್ತಿನ ಗಂಡಸು, ಅದೂ ಅಂಥ ಹೆಸರುವಾಸಿ, ತುಂಬಿದ ಸಭೆಯಲ್ಲಿ ಹೀಗೆ ಹೇಳಿದ್ದು ಸಣ್ಣ ಮಾತಲ್ಲ. ಆ ಚಳಿಗಾಲ ಅಲ್ಲಿ ಗಲಾಟೆಯಾಯಿತು. ಸಮುದ್ರದಾಚೆಯಿಂದ ಸುದ್ದಿಯೇ ಇಲ್ಲ. ಗಿಲ್ಡ್‌ಫರ್ಡ್‌ನಲ್ಲಿ ಜಾನ್ ರಾಜ ಕುದುರೆ ಮೇಲೆ ಪಕ್ಕಕ್ಕೆ ಬಂದು, ನಗುತ್ತಾ, ನಿನ್ನ ಆ ಅರ್ಲಿಯವನು ಸತ್ತನಂತೆ ಎಂದು ಹಸಿ ಸುಳ್ಳು ಹೇಳಿದ. ಅಸಲಿಗೆ ಗೆದ್ದದ್ದು ಇಸಬೆಲ್ ಕಡೆಯವರೇ. 1210ರಲ್ಲಿ ಆ ಅರ್ಲಿಯವನೂ ರಾಜನಿಗೆ ಒತ್ತೆಯಾಗಿ ಹೋಗಿ ನಾಟಿಂಗ್‌ಹ್ಯಾಮ್‌ನಲ್ಲಿ ಕೂರಬೇಕಾಯಿತು.

ಹುಡುಗರು ವಾಪಸ್ ಬಂದರು, ಪುಣ್ಯ. 1215ರಲ್ಲಿ ರಾಜನ ಅಧಿಕಾರಕ್ಕೆ ಮಿತಿ ಹಾಕಿದ ಮ್ಯಾಗ್ನಾ ಕಾರ್ಟಾ ಒಪ್ಪಂದ ಆದಾಗ ಅಪ್ಪ ರಾಜನ ಪಕ್ಕ. ಒತ್ತೆಯಾಗಿದ್ದ ಹಿರಿಮಗ, ರಾಜ ಅದನ್ನು ಮೀರದಂತೆ ಕಣ್ಣಿಡಲು ನೇಮಿಸಿದ 25 ಜನರಲ್ಲಿ ಒಬ್ಬ. ಆಶ್ಚರ್ಯವೇನಿಲ್ಲ.

1216ರಲ್ಲಿ ಜಾನ್ ಸತ್ತ, ಒಂಬತ್ತು ವರ್ಷದ ಹೆನ್ರಿಗೆ ಪಟ್ಟ. ಮಾರ್ಷಲ್ ಆಡಳಿತ ವಹಿಸಿಕೊಂಡು, ಮರುವರ್ಷ ಲಿಂಕನ್ ಕದನ ಗೆದ್ದ. ಹೆಲ್ಮೆಟ್ ಹಾಕಿಕೊಳ್ಳದೆ ನುಗ್ಗಲು ಹೊರಟ ಮುದುಕನನ್ನು ಒಬ್ಬ ಹುಡುಗ ತಡೆದು ನೆನಪಿಸಬೇಕಾಯಿತು.

1219ರ ಮಾರ್ಚಿನಲ್ಲಿ ಕಾಯಿಲೆ ಹೆಚ್ಚಾದಾಗ ಟವರಿನಿಂದ ದೋಣಿಯಲ್ಲಿ ಥೇಮ್ಸ್ ಹಿಡಿದು ಕ್ಯಾವರ್ಶಮ್‌ಗೆ ಬಂದ. ಇಸಬೆಲ್ ಇನ್ನೊಂದು ದೋಣಿಯಲ್ಲಿ. ಊಟ ಸೇರುತ್ತಿರಲಿಲ್ಲ. ಬ್ರೆಡ್ಡಿನ ಪುಡಿಯನ್ನು ಅಣಬೆಯ ಜೊತೆ ಕಲಸಿ ಕೊಡುತ್ತಿದ್ದರು. ಒಂದು ದಿನ, ಹಾಡಬೇಕು ಅನ್ನಿಸುತ್ತಿದೆ ಎಂದ. ಹೆಣ್ಣುಮಕ್ಕಳನ್ನು ಕರೆಸಿದರು. ಹಿರಿಯವಳು ಮಾಡ್ ಅಳು ನುಂಗಿಕೊಂಡು ಹಾಡಿದಳು. ಕಿರಿಯವಳು ಜೋನ್ ನಾಚಿಕೊಂಡು ತಡವರಿಸಿದಳು. ಅಪ್ಪ ಹಾಸಿಗೆಯಲ್ಲೇ ತಿದ್ದಿ, ಹೀಗೆ ಹಾಡಬೇಕು ಎಂದು ಹೇಳಿಕೊಟ್ಟ. ಗುಮಾಸ್ತನೊಬ್ಬ, ನಿಮ್ಮಲ್ಲಿರುವ ಎಂಬತ್ತು ತುಪ್ಪಳದ ನಿಲುವಂಗಿಗಳನ್ನು ಮಾರಿ ಆತ್ಮದ ಹೆಸರಲ್ಲಿ ದಾನ ಮಾಡೋಣ ಎಂದಾಗ, ಹಬ್ಬಕ್ಕೆ ನನ್ನ ಹುಡುಗರಿಗೆ ಹೊಸಬಟ್ಟೆ ಬೇಡವೇ ಎಂದು ಗದರಿದ. ಯೋಧ ಸನ್ಯಾಸಿಗಳ ಟೆಂಪ್ಲರ್ ಪಂಗಡಕ್ಕೆ ಸೇರಲು ನಿಶ್ಚಯಿಸಿದ್ದ. ಸೇರಿದರೆ ಆಮೇಲೆ ಹೆಂಡತಿಯನ್ನು ಮುಟ್ಟುವಂತಿಲ್ಲ. ಅದಕ್ಕೇ ಮೊದಲು ಇಸಬೆಲ್‌ಳನ್ನು ಕರೆದು ಮುತ್ತು ಕೊಡು ಎಂದ, ಇಬ್ಬರೂ ಅತ್ತರು.

ಉಯಿಲಿನಲ್ಲಿ ಕೊನೆಯ ಮಗ ಆನ್ಸೆಲ್ಮ್‌ಗೆ ಏನೂ ಇರಲಿಲ್ಲ. ನಾನು ಬೆಳೆದ ಹಾಗೆ ಅವನೂ ಬೆಳೆಯಲಿ ಎಂಬ ವಾದ. ನಡುವೆ ಬಾಯಿ ಹಾಕಿದ್ದು ಮತ್ತೆ ನಮ್ಮ ಅರ್ಲಿಯ ಜಾನ್. ಕುದುರೆಗೆ ಲಾಳ ಹೊಡೆಸುವಷ್ಟಾದರೂ ಕೊಡಿ ಎಂದು ಕೇಳಿ, ವರ್ಷಕ್ಕೆ 140 ಪೌಂಡ್ ಬರುವ ಜಮೀನು ಕೊಡಿಸಿದ.

ಇಸಬೆಲ್ ಮರುವರ್ಷವೇ ಹೋದಳು. ಹಿರಿಮಗ ವಿಲಿಯಂ ರಾಜನ ತಂಗಿಯನ್ನೇ ಮದುವೆಯಾದ, 1231ರಲ್ಲಿ ಸತ್ತ. ರಿಚರ್ಡ್ ರಾಜನ ಮೇಲೆ ತಿರುಗಿ ಬಿದ್ದು, 1234ರಲ್ಲಿ ಐರ್ಲೆಂಡಿನಲ್ಲಿ ಗಾಯಗೊಂಡು ಸತ್ತ. ಗಿಲ್ಬರ್ಟ್ ಪಾದ್ರಿಯಾಗಲು ಓದಿದ್ದವನು. ಮಾರ್ಷಲ್‌ನ ಮಗ ಎಂದು ತೋರಿಸಿಕೊಳ್ಳಲೋ ಏನೋ, 1241ರಲ್ಲಿ ಹರ್ಟ್‌ಫರ್ಡ್ ಬಳಿ ಟೂರ್ನಮೆಂಟಿಗೆ ಇಳಿದು, ಕುದುರೆ ಎಳೆದಾಡಿ ಸತ್ತ. 1245ರ ನವೆಂಬರಿನಲ್ಲಿ ವಾಲ್ಟರ್. ಆಗ ಇಡೀ ಆಸ್ತಿ ಬಂದದ್ದು ಏನೂ ಬೇಡ ಎಂದು ಅಪ್ಪ ಬಿಟ್ಟಿದ್ದ ಆ ಆನ್ಸೆಲ್ಮ್‌ಗೆ! ಒಂದು ತಿಂಗಳೊಳಗೆ, ಮನೆತನದ ಅರ್ಲ್ ಎಂಬ ಶ್ರೀಮಂತ ಪದವಿ ಕೈಗೆ ಬರುವ ಮೊದಲೇ, ಅವನೂ ಚೆಪ್‌ಸ್ಟೋದಲ್ಲಿ ಸತ್ತ. ಐವರಲ್ಲಿ ಒಬ್ಬನಿಗೂ ವಾರಸುದಾರನಿಲ್ಲ. ಜಮೀನು ಕಿತ್ತುಕೊಂಡಿದ್ದಕ್ಕೆ ಐರಿಷ್ ಬಿಷಪ್ಪನೊಬ್ಬ ಕೊಟ್ಟ ಶಾಪ ಎಂದು ಮ್ಯಾಥ್ಯೂ ಪ್ಯಾರಿಸ್ ಎಂಬ ಸನ್ಯಾಸಿ ಬರೆದಿದ್ದಾನೆ. ಐವರೂ ಸತ್ತ ಮೇಲೆ ನೆನಪಾದ ಶಾಪ ಎಂದು ನನ್ನ ಗುಮಾನಿ.

1247ರಲ್ಲಿ ಆಸ್ತಿ ಐದು ಹೆಣ್ಣುಮಕ್ಕಳ ಕಡೆಗೆ ಐದು ಪಾಲಾಯಿತು. ಸಿಬಿಲ್‌ಗೆ (ಅಜ್ಜಿಯ ಹೆಸರಿನವಳು) ಏಳು ಜನ ಹೆಣ್ಣುಮಕ್ಕಳು, ಅವಳ ಪಾಲು ಮತ್ತೆ ಏಳು ಹೋಳು. ಅಮ್ಮನ ಹೆಸರಿನ ಇಸಬೆಲ್‌ಳ ಮರಿಮಗ ಸ್ಕಾಟ್ಲೆಂಡಿನ ರಾಜ ರಾಬರ್ಟ್ ಬ್ರೂಸ್. ಪಾಲಾಗುವ ಹೊತ್ತಿಗೆ ಬದುಕಿದ್ದವಳು ಅಪ್ಪನಿಗೆ ಮೊದಲು ಹಾಡಿದ ಮಾಡ್ ಒಬ್ಬಳೇ. ಈ ಮನೆತನಕ್ಕೆ ಹೆಸರು ಕೊಟ್ಟ ಆಸ್ಥಾನದ ಮಾರ್ಷಲ್ ಹುದ್ದೆ ಅವಳ ಕೈಗೆ ಬಂದು, ಅವಳ ಮೂಲಕ ನಾರ್ಫೋಕ್ ಅರ್ಲ್‌ಗಳ ಮನೆ ಸೇರಿತು. ಆಮೇಲೆ ಎಷ್ಟೋ ಕೈ ಬದಲಾಗಿದೆ. 2023ರಲ್ಲಿ ಚಾರ್ಲ್ಸ್ ಪಟ್ಟಾಭಿಷೇಕದ ಏರ್ಪಾಟು ನೋಡಿಕೊಂಡದ್ದೂ ಅದೇ ಹುದ್ದೆಯಲ್ಲಿದ್ದ ನಾರ್ಫೋಕ್ ಡ್ಯೂಕ್.